ನಲವತ್ಮೂರನೆಯ ಚೀಟಿ

ನಮ್ಮ ಆಳಂದದ ಕ್ರೈಸ್ತ ಸಭೆಯಲ್ಲಿ ದೇವರು ವರ್ಷಕ್ಕೊಮ್ಮೆ ಮಾತಾಡುತ್ತಾನೆ. ಜನವರಿ ಒಂದನೆಯ ತಾರೀಖು, ಬೆಳಿಗ್ಗೆ ಒಂಬತ್ತೂವರೆಗೆ, ನನ್ನ ಕೈಬರಹದಲ್ಲಿ. ಉಳಿದ ದಿನಗಳಲ್ಲಿ ಅವನ ಪರವಾಗಿ ಮಾತಾಡುವುದಕ್ಕೆ ಸಭೆಯ ಕಾರ್ಯದರ್ಶಿ ಜಗದೇವಪ್ಪನವರು ಇದ್ದಾರೆ.

ಪದ್ಧತಿ ಹೀಗಿದೆ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ವೇದಿಕೆಯ ಮುಂದೆ ಒಂದು ಬಿದಿರು ಬುಟ್ಟಿ ಇಡುತ್ತಾರೆ. ಅದರಲ್ಲಿ ಮನೆಗೊಂದರಂತೆ ನಲವತ್ಮೂರು ಚೀಟಿಗಳು, ಸುರುಳಿ ಸುತ್ತಿ ಕೆಂಪು ದಾರ ಕಟ್ಟಿದವು. ಒಳಗೆ ಬೈಬಲಿನಿಂದ ದೇವರ ಒಂದು ವಾಗ್ದಾನ. ಮನೆಯಿಂದ ಒಬ್ಬರು ಬಂದು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು, ಮೈಕಿನಲ್ಲಿ ಓದಬೇಕು, ಒಯ್ದು ಬಾಗಿಲ ಮೇಲೆ ಅಂಟಿಸಬೇಕು. ವರ್ಷವಿಡೀ ಆ ಮನೆಗೆ ಅದೇ ದಾರಿದೀಪ. ಈ ಚೀಟಿ ನೋಡಿ ನಮ್ಮವರು ಎಮ್ಮೆ ಕೊಂಡಿದ್ದಾರೆ, ಮಂಡಿಯ ಆಪರೇಷನ್ ಮುಂದೂಡಿದ್ದಾರೆ, ಮಾತು ಮುಗಿದಿದ್ದ ಸಂಬಂಧ ಬಿಟ್ಟಿದ್ದಾರೆ.

ಸರಕಾರಿ ಶಾಲೆಯ ಟೀಚರಾದ ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಹನ್ನೊಂದು ವರ್ಷಗಳಿಂದ ಈ ಚೀಟಿಗಳನ್ನು ಬರೆಯುವ ಭಾಗ್ಯ ನನ್ನದು. ಸಿಹಿಯಾದ ವಚನಗಳನ್ನಷ್ಟೇ ಆರಿಸುತ್ತೇನೆ. ಸಿಟ್ಟಿನವನ್ನು, ಶಿಕ್ಷೆಯವನ್ನು ಮುಟ್ಟುವುದಿಲ್ಲ. ದೇವರಿಗೂ ಸಿಟ್ಟು ಬರುತ್ತದೆ ಎಂಬ ಸಂಗತಿ ನಮ್ಮ ಸಭೆಗೆ ಹನ್ನೊಂದು ವರ್ಷಗಳಿಂದ ಗೊತ್ತಿಲ್ಲ. ಸ್ವತಃ ಬರೆಯುವವಳಾದ್ದರಿಂದ ನನಗೆ ಚೀಟಿಗಳ ಮೇಲೆ ಎಷ್ಟು ನಂಬಿಕೆ ಇತ್ತೆಂದು ಬೇರೆ ಹೇಳಬೇಕಾಗಿಲ್ಲ. ಅಡುಗೆ ಮಾಡಿದವಳಿಗೆ ಹಸಿವೆ ಇರುವುದಿಲ್ಲವಲ್ಲ, ಹಾಗೆ.

ಹೋದ ಡಿಸೆಂಬರಿನಲ್ಲಿ ಸುಂದರಬಾಯಿಯ ವಿಷಯ ಬಂತು. ಸುಂದರಬಾಯಿ ಐವತ್ತೆರಡರ ವಿಧವೆ. ಗಂಡ ನಮ್ಮ ಗುಡಿಯ, ಅಂದರೆ ಚರ್ಚಿನ, ಗಂಟೆ ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಸಭೆ ದೊಡ್ಡ ಮನಸ್ಸು ಮಾಡಿ ಗುಡಿಯ ಹಿಂದಿನ ಒಂದು ಕೋಣೆಯನ್ನು ಆಕೆಗೇ ಬಿಟ್ಟುಕೊಟ್ಟಿತು. ಅದಕ್ಕೆ ಪ್ರತಿಯಾಗಿ ಆಕೆ ಗಂಟೆ ಬಾರಿಸುತ್ತಾಳೆ, ಗುಡಿ ಗುಡಿಸುತ್ತಾಳೆ, ಪ್ರಭುಭೋಜನದ ಪಾತ್ರೆ ತೊಳೆಯುತ್ತಾಳೆ, ಕ್ರಿಸ್ಮಸ್ಸಿಗೆ ಮುನ್ನೂರು ಜನರ ಅಡುಗೆ ಮಾಡುತ್ತಾಳೆ. ಇದಕ್ಕೆ ನಮ್ಮಲ್ಲಿ ಸೇವೆ ಅನ್ನುತ್ತಾರೆ. ಜಗದೇವಪ್ಪನವರು ಪ್ರತಿ ವರ್ಷದ ವರದಿಯಲ್ಲಿ ಆಕೆಯ ಹೆಸರನ್ನು ಹೊಸ ಫ್ಯಾನುಗಳಿಗಿಂತ ಸ್ವಲ್ಪ ಮೊದಲು ಓದುತ್ತಾರೆ.

ಆಕೆಗೆ ತವರೂರು ಕಿಣ್ಣಿ ಸುಲ್ತಾನದಲ್ಲಿ ಒಟ್ಟಿಗೆ ಬೆಳೆದ ಗೆಳತಿಯೊಬ್ಬಳಿದ್ದಾಳೆ, ಶಮ್ಸುನ್ನಿಸಾ. ಕೊಳಕೂರಿಗೆ ಮದುವೆಯಾಗಿ ಹೋದವಳು ಈಗ ಮಗಳು ಅಂಜುಮಳೊಂದಿಗೆ ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು ರೊಟ್ಟಿ ಅಂಗಡಿ ಇಡಲು ಹೊರಟಿದ್ದಳು. ಮದುವೆಗಳಿಗೆ, ಹಾಸ್ಟೆಲುಗಳಿಗೆ ಸಾವಿರಗಟ್ಟಲೆ ಜೋಳದ ರೊಟ್ಟಿ ಬೇಕು, ನಿನ್ನ ಕೈಯ ರೊಟ್ಟಿ ನನ್ನ ಕೈಯ ಶೇಂಗಾ ಹಿಂಡಿ ಕೂಡಿದರೆ ಸಾಕು, ಅರ್ಧ ಪಾಲು ನಿನ್ನದು, ಬಾ ಎಂದು ಫೋನಿನಲ್ಲಿ ದುಂಬಾಲು ಬಿದ್ದಿದ್ದಳು. ಹೋದರೆ ಇಲ್ಲಿನ ಕೋಣೆ ಹೋದಂತೆ. ಅಂಗಡಿ ನಡೆಯದಿದ್ದರೆ ತಿರುಗಿ ಬರಲು ಜಾಗವಿಲ್ಲ. ಸುಂದರಬಾಯಿ ಒಂದು ತಿಂಗಳು ತಲೆ ಕೆಡಿಸಿಕೊಂಡಳು. ಕೊನೆಗೆ, ಹೊಸ ವರ್ಷದ ಚೀಟಿ ಏನು ಹೇಳುತ್ತದೋ ಹಾಗೆ ಮಾಡುತ್ತೇನೆ ಎಂದು ಗೆಳತಿಗೂ ನಮಗೂ ಹೇಳಿಬಿಟ್ಟಳು.

ಡಿಸೆಂಬರ್ ಇಪ್ಪತ್ತೊಂಬತ್ತರ ಸಂಜೆ ಜಗದೇವಪ್ಪನವರು ನಮ್ಮ ಮನೆಗೆ ಬಂದರು. ಚಹಾ ಕುಡಿದರು. ನಮ್ಮ ಸಭಾಪಾಲಕರಾದ ಅಮರನಾಥರ ಉಪದೇಶ ಎಷ್ಟು ಉದ್ದ ಎಂದು ಬೈದರು. ಇವರನ್ನು ಅಫಜಲಪುರಕ್ಕೆ ವರ್ಗ ಮಾಡಿಸಲು ತಾವು ಎರಡು ವರ್ಷ ಓಡಾಡಿದ್ದು, ಈ ಜನವರಿಯ ಪಟ್ಟಿಯಲ್ಲಿ ಹೆಸರು ಬರುವುದು ಖಾತ್ರಿ ಎಂದು ಗುಟ್ಟಿನಲ್ಲಿ ಹೇಳಿದರು. ಆಮೇಲೆ ವಿಷಯಕ್ಕೆ ಬಂದರು.

"ನೋಡ್ರಿ ಅಕ್ಕೋರ, ದೇವರ ಚಿತ್ತ ಏನದ ಅಂತ ನಮಗ ಗೊತ್ತೇ ಅದ. ಆಕಿ ಇಲ್ಲೇ ಇರಬೇಕು. ಚೀಟಿ ಬರಿಯೂ ಮುಂದ ನೀವು ಸ್ವಲ್ಪ ಅದಕ್ಕ ಕೈ ಹಚ್ಚಬೇಕು."

ಆಕೆ ಯಾವ ಚೀಟಿ ಎತ್ತುತ್ತಾಳೆಂದು ಯಾರಿಗೆ ಗೊತ್ತು ಎಂದು ಕೇಳಿದೆ. ಅವರು ಅದನ್ನೂ ಯೋಚಿಸಿಕೊಂಡು ಬಂದಿದ್ದರು. ಎಲ್ಲ ಚೀಟಿಗಳಲ್ಲೂ ಅದೇ ಅರ್ಥದ ವಚನ ಬರೆದರೆ ಯಾವುದನ್ನು ಎತ್ತಿದರೇನು? ದೇವರಿಗೆ ಸಹಾಯ ಮಾಡುವುದರಲ್ಲಿ ಅವರಷ್ಟು ಉತ್ಸಾಹಿಗಳನ್ನು ನಾನು ಕಂಡಿಲ್ಲ.

ನಾನು ಅವರನ್ನು ಹೊರಗೆ ಹಾಕಬೇಕಿತ್ತು. ಹಾಕಲಿಲ್ಲ, ಇನ್ನೊಂದು ಕಪ್ ಚಹಾ ಕೊಟ್ಟೆ. ಏಕೆಂದರೆ ನನ್ನ ಅಪ್ಪ ಲಕ್ವ ಹೊಡೆದು ನಾಲ್ಕು ವರ್ಷಗಳಿಂದ ಮಂಚದ ಮೇಲಿದ್ದಾರೆ, ಮಾತು ಹೋಗಿದೆ. ನಾನು ಶಾಲೆಗೆ ಹೋದಾಗ ಅವರನ್ನು ನೋಡಿಕೊಳ್ಳುವವಳು ಸುಂದರಬಾಯಿ. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಆಕೆ ತಿನ್ನಿಸಿದರೆ ಅಪ್ಪ ತಿನ್ನುತ್ತಾರೆ. ನಾನು ತಿನ್ನಿಸಿದರೆ ಬಾಯಿ ಬಿಗಿಹಿಡಿದು ಗೋಡೆ ಕಡೆ ನೋಡುತ್ತಾರೆ. ಆಕೆ ಹೋದರೆ ನನ್ನ ಗತಿ ಏನು? ಜಗದೇವಪ್ಪನವರಿಗೆ ಗುಡಿ ಗುಡಿಸುವವಳು ಬೇಕಿತ್ತು, ನನಗೆ ಅಪ್ಪನಿಗೆ ಉಣ್ಣಿಸುವವಳು. ಇಬ್ಬರ ಬೇಡಿಕೆಯನ್ನೂ ಕೂಡಿಸಿ ನಾವು ದೇವರ ಚಿತ್ತ ಎಂದು ಹೆಸರಿಟ್ಟೆವು.

ಮರುದಿನ ಮಧ್ಯಾಹ್ನ ಮುಸ್ತಕೀಮನ ಅಂಗಡಿಯಿಂದ ಗುಲಾಬಿ ಡ್ರಾಯಿಂಗ್ ಶೀಟು ತಂದೆ. "ನಿಮ್ಮ ದೇವರ ಕಾಗದ ಬಂದದ್ರಿ ಅಕ್ಕೋರ" ಎಂದು ಅವನು ಪ್ರತಿ ವರ್ಷದಂತೆ ನಕ್ಕ. ಕತ್ತರಿಸಿ, ಬರೆಯಲು ಕೂತೆ. ಅಂದೇ ನನಗೆ ಗೊತ್ತಾದದ್ದು, ದೇವರ ವಾಕ್ಯದಲ್ಲಿ ಕಣ್ಣಿಗೆ ಬೀಳುವವರೆಲ್ಲ ಹೊರಟವರೇ. ಎಲ್ಲಿ ತೆಗೆದರೂ ಯಾರಿಗೋ ಏಳು, ನಡೆ, ಮನೆ ಬಿಡು, ಊರು ಬಿಡು, ನದಿ ದಾಟು ಎಂಬ ಅಪ್ಪಣೆ. ಒಬ್ಬರನ್ನಾದರೂ ಕೂತಲ್ಲಿ ಕೂರಲು ಬಿಡಬಾರದೇ? ಎರಡು ತಾಸು ಹುಡುಕಿ, ಸುಮ್ಮನಿರು, ಕಾದಿರು, ಇದ್ದಲ್ಲೇ ನೆಲೆಸು, ಬಾಗಿಲು ಮುಚ್ಚಿಕೊಂಡು ಒಳಗಿರು ಎಂಬ ಅರ್ಥದ ಏಳು ವಚನ ಹೆಕ್ಕಿದೆ. ಅವನ್ನೇ ತಿರುಗಿಸಿ ಮುರುಗಿಸಿ ಬರೆಯತೊಡಗಿದೆ.

ಕೊನೆಯ ಒಂದೆರಡು ಉಳಿದಿದ್ದಾಗ ಒಳಗಿನಿಂದ ಸುಂದರಬಾಯಿ ಕೂಗಿದಳು. ಅಪ್ಪನಿಗೆ ನೀರು ನೆತ್ತಿಗೇರಿತ್ತು. ಓಡಿಹೋಗಿ ತಲೆ ಹಿಡಿದುಕೊಂಡೆ, ಆಕೆ ಬೆನ್ನು ಸವರಿದಳು, ಅಪ್ಪ ಸುಧಾರಿಸಿಕೊಂಡರು. ವಾಪಸು ಬಂದು ಸರಸರನೆ ಎಲ್ಲವನ್ನೂ ಸುರುಳಿ ಸುತ್ತಿ ದಾರ ಕಟ್ಟಿದೆ. ನಲವತ್ಮೂರು ಸರಿಯಾಗಿತ್ತು.

ಹೊಸ ವರ್ಷದ ಬೆಳಿಗ್ಗೆ ಗುಡಿ ತುಂಬಿತ್ತು. ಪದ್ಧತಿಯಂತೆ ಮೊದಲ ಚೀಟಿ ಸಭಾಪಾಲಕರದು. ಅಮರನಾಥರು ಕಣ್ಣು ಮುಚ್ಚಿ ಎತ್ತಿದರು, ಬಿಚ್ಚಿ ಓದಿದರು, ಓದಿ ಕಣ್ಣೊರೆಸಿಕೊಂಡರು. ದೇವರು ಇದ್ದಲ್ಲೇ ನೆಲೆಸಲು ಹೇಳಿದ್ದ. ನನ್ನನ್ನು ಅಫಜಲಪುರಕ್ಕೆ ಕಳಿಸುವ ಮಾತು ನಡೆದಿದೆಯೆಂದು ಕೇಳಿ ವಾರಗಟ್ಟಲೆ ನಿದ್ದೆ ಬಿಟ್ಟಿದ್ದೆ, ಈಗ ಉತ್ತರ ಸಿಕ್ಕಿತು, ಇನ್ನು ಯಾರು ಹೇಳಿದರೂ ಈ ಸಭೆಯನ್ನು ಬಿಡುವುದಿಲ್ಲ, ಇಂದೇ ಮೇಲಿನವರಿಗೆ ಪತ್ರ ಬರೆಯುತ್ತೇನೆ ಎಂದು ಮೈಕಿನಲ್ಲೇ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತ ಜಗದೇವಪ್ಪನವರು ಎರಡು ವರ್ಷದ ಓಡಾಟ ಬುಟ್ಟಿಗೆ ಬಿದ್ದದ್ದನ್ನು ನೋಡುತ್ತ ತಾವೂ ತಟ್ಟಿದರು. ಎದ್ದು ನಿಂತು ಅಡ್ಡಿ ಹೇಳುವಂತಿರಲಿಲ್ಲ. ಚೀಟಿಯ ಒಳಗುಟ್ಟು ಗೊತ್ತಿದ್ದವರು ಇಬ್ಬರೇ, ಅದರಲ್ಲಿ ಅವರೊಬ್ಬರು. ಆ ಚಪ್ಪಾಳೆಯ ಸುಖ ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಬಂದವರೆಲ್ಲರಿಗೂ ಅದೇ. ಸಂಜುಕುಮಾರ ಮುಂದಿನ ವಾರ ಕನ್ಯೆ ನೋಡಲು ಮಟಕಿಗೆ ಹೋಗುವವನಿದ್ದ, ಅವನಿಗೆ ಬಾಗಿಲು ಮುಚ್ಚಿಕೊಂಡು ಒಳಗಿರಲು ಅಪ್ಪಣೆಯಾಯಿತು. ಹೊಸ ಮನೆ ಕಟ್ಟಿಸಿ ಹಾಲುಕ್ಕಿಸುವ ತಯಾರಿಯಲ್ಲಿದ್ದವರಿಗೆ ಕಾಯಲು ಹೇಳಲಾಯಿತು. ಇಪ್ಪತ್ತು ಮನೆ ದಾಟುವಷ್ಟರಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆದರೆ ಅಮರನಾಥರು, ಈ ವರ್ಷ ದೇವರು ಇಡೀ ಸಭೆಯೊಂದಿಗೆ ಒಂದೇ ಸ್ವರದಲ್ಲಿ ಮಾತಾಡುತ್ತಿದ್ದಾನೆ ಎಂದು ವಿವರಿಸಿದ ಮೇಲೆ ಎಲ್ಲರಿಗೂ ಮೈ ಜುಮ್ಮೆಂದಿತು. ಆ ಒಂದೇ ಸ್ವರ ಮೂರನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿತ್ತು.

ಸುಂದರಬಾಯಿಯ ಸರದಿ ಬಂತು. ಕಣ್ಣು ಮುಚ್ಚಿ, ಬುಟ್ಟಿಯಲ್ಲಿ ಕೈಯಾಡಿಸಿ, ಒಂದನ್ನು ಎತ್ತಿ ಎದೆಗೊತ್ತಿಕೊಂಡಳು. ಆಕೆಗೆ ಓದಲು ಬರುವುದಿಲ್ಲ, ಪ್ರತಿ ವರ್ಷ ಆಕೆಯ ಚೀಟಿ ಓದುವವಳು ನಾನೇ. ಬಂದು ನನ್ನ ಕೈಗೆ ಕೊಟ್ಟಳು. ಎದ್ದು ಮೈಕಿನ ಹತ್ತಿರ ಹೋಗಿ ದಾರ ಬಿಚ್ಚಿದೆ.

ಒಳಗೆ ಏನೂ ಇರಲಿಲ್ಲ. ಬರೀ ಗುಲಾಬಿ ಕಾಗದ.

ಅಪ್ಪನಿಗೆ ನೀರು ನೆತ್ತಿಗೇರಿದ ಗಳಿಗೆ ನೆನಪಾಯಿತು. ನಲವತ್ಮೂರರಲ್ಲಿ ಬರೆಯದೆ ಉಳಿದದ್ದು ಒಂದು, ಆ ಒಂದು ಈಕೆಯ ಕೈಗೇ ಬರಬೇಕೇ? ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. ಖಾಲಿ ಇದೆ ಎಂದು ಹೇಳಿ ಮುಗಿಸಬಹುದಿತ್ತು. ನನ್ನ ಕಣ್ಣ ಮುಂದೆ ಅಪ್ಪನ ಬಿಗಿದ ಬಾಯಿ ಬಂತು.

ನಾನು ಓದಿದೆ. ನಾನು ಹೇಳುವ ತನಕ ಈ ಸ್ಥಳ ಬಿಟ್ಟು ಕದಲಬೇಡ, ನಿನ್ನ ಸೇವೆ ಇಲ್ಲಿಯೇ ಇದೆ ಎಂದು ದೇವರು ಹೇಳಿದನೆಂದು ನಿರರ್ಗಳವಾಗಿ ಓದಿದೆ. ಎಲ್ಲಿಯೂ ಇಲ್ಲದ ವಚನ, ನಿಂತಲ್ಲೇ ಕಟ್ಟಿದ್ದು. ಜೊತೆಗೆ ಅಧ್ಯಾಯದ ಸಂಖ್ಯೆಯನ್ನೂ ಹೇಳಿದೆ. ಬೈಬಲ್ ಕಲಿಸುವ ವೇದಶಾಲೆಯಲ್ಲಿ ಮೂರು ವರ್ಷ ಕಲಿತ ಅಮರನಾಥರೇ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದರು. ಸುಂದರಬಾಯಿ ಚೀಟಿಯನ್ನು ಇಸಿದುಕೊಂಡು, ಒಂದು ಸಲ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ಕೂತಳು.

ಮಧ್ಯಾಹ್ನ ಎಂದಿನಂತೆ ಬಂದಳು. ರೊಟ್ಟಿ ಕಿವುಚಿದಳು, ಅಪ್ಪನಿಗೆ ತಿನ್ನಿಸಿದಳು, ಬಾಯಿ ಒರೆಸಿದಳು. ಕೈ ತೊಳೆದು ಬಂದು ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ನನ್ನ ಮುಂದಿಟ್ಟಳು.

"ಇನ್ನೊಮ್ಮೆ ಓದ್ರಿ ಅಕ್ಕೋರ."

ಅದೇ ವಚನವನ್ನು ಹೇಳಿದೆ. ಅಧ್ಯಾಯದ ಸಂಖ್ಯೆ ಮರೆತುಹೋಗಿತ್ತು, ಬೇರೆ ಯಾವುದೋ ಹೇಳಿದೆ.

ಆಕೆ ಚೀಟಿಯನ್ನು ತಿರುಗಿಸಿ ಮುರುಗಿಸಿ ತೋರಿಸಿದಳು. "ನನಗ ಅಕ್ಷರ ಓದಾಕ ಬರಂಗಿಲ್ರಿ. ಖಾಲಿ ಓದಾಕ ಬರ್ತದ."

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳಿದವಳು ನಾನು. ನಾಚಿಕೆಯಿಂದ ಕುಗ್ಗಿಹೋದೆ. ಎಲ್ಲವನ್ನೂ ಹೇಳಿದೆ, ಜಗದೇವಪ್ಪನವರು ಬಂದದ್ದು, ಏಳು ವಚನ ಹೆಕ್ಕಿದ್ದು, ಒಂದು ತಪ್ಪಿ ಉಳಿದದ್ದು, ಆಕೆ ಹೋದರೆ ಅಪ್ಪನ ಗತಿ ಏನೆಂದು ನಾನು ಹೆದರಿದ್ದು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಲೆಕ್ಕದ ಟೀಚರಂತೆ ಕೇಳುತ್ತ ಹೋದಳು. ನಲವತ್ತೆರಡರಲ್ಲೂ ಇಲ್ಲೇ ಇರು ಅಂತಲೇ ಇತ್ತೇ? ಹೌದು. ಖಾಲಿ ಒಂದೇನಾ? ಒಂದೇ. ಬೆರಳ ತುದಿಯಿಂದ ಚೀಟಿಯ ಅಂಚು ಸವರಿದಳು.

ಇದರಲ್ಲಿ ಪವಾಡ ಗಿವಾಡ ಹುಡುಕಬೇಡ, ನನ್ನ ಕೈ ತಪ್ಪು ಅಷ್ಟೇ, ದೇವರಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ನಾನೇ ಎಚ್ಚರಿಸಿದೆ. ಇಷ್ಟಾದರೂ ಪ್ರಾಮಾಣಿಕಳಾಗಿರೋಣ ಅನಿಸಿತ್ತು.

"ನಿಮ್ಮ ತಪ್ಪು ಖರೇ," ಅಂದಳು. "ನನ್ನ ಕೈಗೇ ಬಂದದ್ದು ಯಾರ ತಪ್ಪು?"

ಆದರೂ ನಾನು ಬಿಡಲಿಲ್ಲ. ಹೋಗು ಅಂತಲೂ ಅದರಲ್ಲಿ ಬರೆದಿಲ್ಲವಲ್ಲ, ಏನೂ ಹೇಳದ ಕಾಗದವನ್ನು ನಂಬಿ ಇದ್ದೊಂದು ಸೂರು ಬಿಟ್ಟು ಹೋಗುತ್ತೀಯಾ ಎಂದು ಕೇಳಿದೆ. ಆಗಲೂ ನನ್ನೊಳಗೆ ಅಪ್ಪನ ಚಿಂತೆಯೇ ಮಾತಾಡುತ್ತಿತ್ತು ಅನ್ನುವುದು ನನಗೂ ಗೊತ್ತಿತ್ತು, ಆಕೆಗೂ.

ಸುಂದರಬಾಯಿ ನಕ್ಕಳು. "ಸಣ್ಣಾಕಿ ಇದ್ದಾಗ ನಮ್ಮಪ್ಪ ನನ್ನ ಕಿಣ್ಣಿಯಿಂದ ಆಳಂದ ಸಂತಿಗಿ ಒಬ್ಬಾಕಿನ್ನೇ ಕಳಸೂ ಮುಂದ ಹತ್ತು ಸಲ ಹಾದಿ ಹೇಳ್ತಿದ್ದ. ಬೇವಿನಗಿಡದ ಕಡಿ ತಿರುಗು, ದರ್ಗಾದ ಕಡಿ ಹೋಗಬ್ಯಾಡ ಅಂತ. ತಾನೂ ಸಂಗಡ ಹೊಂಟ ದಿನ ಏನೂ ಹೇಳ್ತಿದ್ದಿಲ್ಲ. ಸಂಗಡ ಬರಾಂವ ಹಾದಿ ಯಾಕ ಹೇಳ್ತಾನ್ರಿ?"

ಆಮೇಲೆ ದನಿ ಇಳಿಸಿ ಹೇಳಿದಳು. "ಹೆದರಿಕಿ ಅದರಿ. ರಗಡ ಅದ. ಅದನ್ನ ಕಟಗೊಂಡೇ ಹೋಗ್ತೇನಿ."

ನಾನು ಕೇಳಿದ ಉಪದೇಶಗಳನ್ನು ಕೂಡಿಸಿದರೆ ಜೇವರ್ಗಿಗೆ ಹತ್ತು ಸಲ ನಡೆದು ಹೋಗಿ ಬರುವಷ್ಟು ಉದ್ದ ಆಗುತ್ತವೆ. ಯಾವುದೂ ಹೀಗೆ ಎದೆಗೆ ನಾಟಿರಲಿಲ್ಲ. ನಾನು ಅತ್ತೆ. ಮಂಚದ ಮೇಲಿಂದ ಅಪ್ಪ ತಲೆ ತಿರುಗಿಸಿ ನೋಡಿದರು.

ಸುದ್ದಿ ತಿಳಿದು ಮರುದಿನವೇ ಜಗದೇವಪ್ಪನವರು ಬಂದರು. ಇಡೀ ಸಭೆಯೆದುರು ಓದಿದ ದೇವರ ಮಾತನ್ನು ಈ ಹೆಂಗಸು ಮೀರುತ್ತಿದ್ದಾಳೆ, ಭಾನುವಾರ ಇದನ್ನು ಎತ್ತಬೇಕು ಎಂದರು. ಅವಶ್ಯ ಎತ್ತೋಣ, ಖಾಲಿ ಚೀಟಿಯನ್ನೂ ತೋರಿಸೋಣ, ನಲವತ್ತೆರಡು ಮನೆಗೆ ಒಂದೇ ಮಾತು ಬಂದದ್ದು ಯಾರ ಸಲಹೆಯಿಂದ ಎಂದು ನಾನೇ ಎದ್ದು ಹೇಳುತ್ತೇನೆ, ನನ್ನ ಪಾಲಿನದನ್ನೂ ಬಿಡುವುದಿಲ್ಲ, ಅಮರನಾಥರು ಇರುವುದು ಹೋಗುವುದು ಆಮೇಲೆ ನೋಡೋಣ ಎಂದೆ. ಅವರು ಚಹಾ ಬೇಡವೆಂದರು. ಅಂಗಳದ ತನಕ ಹೋಗಿ ತಿರುಗಿ ಬಂದು, ಯೋಚಿಸಿ ನೋಡಿದರೆ ಸುಂದರಬಾಯಿ ಹೋಗುವುದೂ ದೇವರ ಚಿತ್ತವೇ ಇರಬಹುದು ಎಂದರು. ಅಂಗಳ ದಾಟುವಷ್ಟರಲ್ಲಿ ದೇವರ ಮನಸ್ಸನ್ನು ತಿರುಗಿಸಿಕೊಂಡು ಬರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಭಾನುವಾರದ ತನಕ ಕಾಯದೆ ನಾನೇ ಅಮರನಾಥರಲ್ಲಿಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಅವರು, ಮೇಲಿನವರಿಗೆ ಬರೆದ ಪತ್ರವನ್ನು ಇನ್ನೂ ಅಂಚೆಗೆ ಹಾಕಿಲ್ಲ ಎಂದಷ್ಟೇ ಹೇಳಿದರು.

ನಾಲ್ಕನೆಯ ತಾರೀಖು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಸುಂದರಬಾಯಿಯ ಸಾಮಾನು ಒಂದು ಬಟ್ಟೆ ಗಂಟು, ಚೀಲದಲ್ಲಿ ರೊಟ್ಟಿಯ ಹಂಚು, ಕೈಯಲ್ಲಿ ಆಧಾರ್ ಕಾರ್ಡು. ಬಸ್ಸು ಏರುವ ಮುಂಚೆ ಸೆರಗಿನ ಗಂಟು ಬಿಚ್ಚಿ ಆ ಗುಲಾಬಿ ಚೀಟಿ ನನಗೆ ಕೊಟ್ಟಳು. ಅದರ ಮೇಲೆ ಶಮ್ಸುನ್ನಿಸಾಳ ವಿಳಾಸ ಬರೆದುಕೊಡಬೇಕಂತೆ, ಕಂಡಕ್ಟರಿಗೆ ತೋರಿಸಲು.

ಕಲಬುರಗಿಯಲ್ಲಿ ಇಳಿದು ಜೇವರ್ಗಿ ಬಸ್ಸು ಹತ್ತಬೇಕು, ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು, ಶಮ್ಸುನ್ನಿಸಾ ರೊಟ್ಟಿ ಅಂಗಡಿ, ಕೆಳಗೆ ಅಂಜುಮಳ ಫೋನ್ ನಂಬರು. ಗೋಡೆಗೆ ಒತ್ತಿಹಿಡಿದು ದುಂಡಗೆ ಬರೆದೆ. ಈ ಸಲ ನಾನು ಬರೆದ ನಲವತ್ಮೂರು ಚೀಟಿಗಳಲ್ಲಿ ಕೊಂಚವೂ ಸುಳ್ಳಿಲ್ಲದ್ದು ಅದೊಂದೇ. ಬಸ್ಸು ಹೊರಟಾಗ ಆಕೆ ಕಿಟಕಿಯಿಂದ ಕೈ ಬೀಸಲಿಲ್ಲ. ಹಂಚಿನ ಚೀಲವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಮನೆಗೆ ಬಂದು ರೊಟ್ಟಿ ಬಡಿದೆ. ಮೂರು ಹರಿದವು, ನಾಲ್ಕನೆಯದು ಒಂದು ಕಡೆ ಹೊತ್ತಿತು. ಅದನ್ನೇ ಹಾಲಿನಲ್ಲಿ ಕಿವುಚಿ ಅಪ್ಪನ ಹತ್ತಿರ ಕೂತೆ. ಅವರು ಗೋಡೆ ಕಡೆ ಮುಖ ಮಾಡಿದ್ದರು. ಇವರು ತಿನ್ನದಿದ್ದರೆ ನಾನೇನು ಮಾಡಲಿ, ಶಾಲೆಗೆ ಹೋದಾಗ ಯಾರನ್ನು ಹುಡುಕಲಿ ಎಂದು ದೇವರನ್ನು ಕೇಳಿದೆ. ಹನ್ನೊಂದು ವರ್ಷ ಅವನ ಹೆಸರಿನಲ್ಲಿ ಉತ್ತರ ಬರೆದವಳು ಮೊದಲ ಸಲ ನಿಜವಾಗಿ ಪ್ರಶ್ನೆ ಕೇಳಿದ್ದು. ಅವನು ಏನೂ ಹೇಳಲಿಲ್ಲ.

ಮಂಚದ ಮೇಲೆ ನನ್ನ ಪಕ್ಕದಲ್ಲಿ ಸಂಗಡ ಬಂದವರೊಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದು ಕೂತೆ. ಮತ್ತೆ ಚಮಚ ಎತ್ತಿದೆ.